ಜಪ್ತಿ ಮಾಡಬಹುದು, ಆಳುವುದು ಹೇಗೆ?

ಬಲವಿದ್ದವನದೇ ರಾಜ್ಯ ಎಂಬ ಮಾತಿಗೆ ಕಾರವಾರದ ಕರಾವಳಿಯಲ್ಲಿ ಸಾಕ್ಷಿಗಳಿಗೇನೂ ಬರವಿಲ್ಲ. 1665ರಲ್ಲಿ ಶಿವಾಜಿಯ ಪಡೆ ಬಂದಾಗ ಇಲ್ಲಿನ ವರ್ತಕರು ಹಣ ತೆತ್ತು ಪಾರಾದರು. ಕಾಳಿ ನದಿಯ ದಡದಲ್ಲಿ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡ 1752ರಲ್ಲಿ ಪೋರ್ಚುಗೀಸರ ವಶವಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಸೀಮೆಯೇ ಇಂಗ್ಲಿಷರದಾಯಿತು. ಆದರೆ ಕೋಟೆ ಹಿಡಿದ ಮಾತ್ರಕ್ಕೆ ಆಳ್ವಿಕೆ ನಡೆಯುವುದಿಲ್ಲ. ವರ್ಷವರ್ಷವೂ ರೈತ ಕಂದಾಯ ಕಟ್ಟಬೇಕು, ಶಾನುಭೋಗ ಲೆಕ್ಕ ಬರೆಯಬೇಕು, ಪಟೇಲ ಊರಿನ ಸುದ್ದಿ ಮುಟ್ಟಿಸಬೇಕು. ಹಿಂಸೆಯಿಂದ ವಸ್ತುವನ್ನು ಕಸಿಯಬಹುದು, ಈ ಸಹಕಾರವನ್ನು ಕಸಿಯಲಾಗದು.

ಇದನ್ನು ಸ್ಪಷ್ಟವಾಗಿ ತೋರಿಸಿದ ತಾಲೂಕು ಅಂಕೋಲಾ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಅದರ ಬೆನ್ನಿಗೇ ಬಂದ ಕರನಿರಾಕರಣೆ 1932ರಲ್ಲಿ ಮತ್ತೆ ಕಾವೇರಿತು. ಊರಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರೂ ಬಂತು. ಸರ್ಕಾರ ರೈತರನ್ನು ಜೈಲಿಗೆ ಕಳಿಸಿತು. ಎತ್ತು, ಪಾತ್ರೆ, ಕೊನೆಗೆ ಗದ್ದೆ ತೋಟಗಳನ್ನೂ ಜಪ್ತಿ ಮಾಡಿತು. ಆದರೆ ಜಪ್ತಿ ಮಾಡಿದ ಗದ್ದೆ ಹಣವಾಗಬೇಕಾದರೆ ಲಿಲಾವು ಆಗಬೇಕು, ಲಿಲಾವಿನಲ್ಲಿ ಕೂಗುವವರು ಬೇಕು, ಕೊಂಡವನ ಗದ್ದೆಗೆ ಆಳು ಇಳಿಯಬೇಕು. ಚಳವಳಿ ಪಟ್ಟು ಹಾಕಿದ್ದು ಇಲ್ಲಿಯೇ. ಅದೇ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ ಹೆಂಗಸರು ಅಂಥ ಭೂಮಿ ಕೊಂಡವರ ಮನೆಬಾಗಿಲಲ್ಲಿ ಉಪವಾಸ ಕೂತರು. ಪೊಲೀಸರ ಲಾಠಿ ಗದ್ದೆಯ ಬದುವಿನವರೆಗೆ ಬಂದೀತು. ಕೊಂಡವನಿಗೆ ಊರಿನಲ್ಲಿ ಮಾನ ಕೊಡಿಸಲು ಅದಕ್ಕೆ ಸಾಧ್ಯವಿರಲಿಲ್ಲ.

ಇದೂ ಒಂದು ಬಗೆಯ ಒತ್ತಾಯವಲ್ಲವೇ ಎಂದು ಕೇಳಬಹುದು. ಹೌದು, ಸಾಮಾಜಿಕ ಬಹಿಷ್ಕಾರಕ್ಕೂ ಮೊನೆಯಿದೆ. ಆದರೆ ತನ್ನ ಮೈಯನ್ನು ದಂಡಿಸಿಕೊಂಡು ಎದುರಾಳಿಯ ಮನಸ್ಸು ತಿರುಗಿಸಲು ನೋಡುವುದಕ್ಕೂ ಅವನ ಮೈಮೇಲೆ ಕೈಮಾಡುವುದಕ್ಕೂ ವ್ಯತ್ಯಾಸವಿದೆ. ಗೆಲುವು ಸುಲಭವೂ ಆಗಿರಲಿಲ್ಲ. 1931ರ ಗಾಂಧಿ–ಇರ್ವಿನ್ ಒಪ್ಪಂದ ಮೂರನೆಯವರಿಗೆ ಮಾರಿಹೋದ ಭೂಮಿಯನ್ನು ಮರಳಿಸಲಿಲ್ಲ. ಅದು ರೈತರ ಕೈಸೇರಲು 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದು ಕಾನೂನು ಮಾಡಬೇಕಾಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾರವಾರದ ಎದುರಿಗೇ, ಗೋವೆಯ ಪೋರ್ಚುಗೀಸರ ವಶದಲ್ಲಿದ್ದ ಅಂಜದೀವ್ ನಡುಗಡ್ಡೆಯಲ್ಲಿದೆ. 1955ರ ಆಗಸ್ಟ್ 15ರಂದು ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಅವರು ಜಾಗ ಬಿಟ್ಟದ್ದು 1961ರ ಡಿಸೆಂಬರಿನಲ್ಲಿ ಸೇನೆ ನುಗ್ಗಿದ ಮೇಲೆಯೇ. ಅಂಜದೀವ್ ಹಿಡಿಯುವಾಗ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು. ಹಾಗಾದರೆ ಅಹಿಂಸೆ ಸೋತಿತೇ? ಆ ದಿನ ಸೋತಿತು, ಕಾರಣವೂ ಇದೆ: ಹೊರಗಿನಿಂದ ನಡೆದುಬಂದ ಸತ್ಯಾಗ್ರಹಿಗಳ ಕಂದಾಯವಾಗಲಿ ದುಡಿಮೆಯಾಗಲಿ ಲಿಸ್ಬನ್ನಿಗೆ ಬೇಕಿರಲಿಲ್ಲ. ಆಳುವವನು ಯಾರನ್ನು ನೆಚ್ಚಿದ್ದಾನೋ ಅವರು ಕೈ ಹಿಂತೆಗೆದಾಗ ಮಾತ್ರ ಅಸಹಕಾರಕ್ಕೆ ಕಸುವು ಬರುತ್ತದೆ. ಆದರೆ ಸೈನ್ಯದ ಕೆಲಸವೂ ಪೋರ್ಚುಗೀಸರನ್ನು ಹೊರಹಾಕುವಲ್ಲಿಗೆ ಮುಗಿಯಿತು. ಗೋವೆ ಮಹಾರಾಷ್ಟ್ರದಲ್ಲಿ ಸೇರಬೇಕೇ ಬೇಡವೇ ಎಂಬುದು 1967ರ ಜನಮತದಲ್ಲಿ ತೀರ್ಮಾನವಾಯಿತು, ಜನ ಬೇಡವೆಂದರು.

ಹಿಂಸೆ ಇತಿಹಾಸವನ್ನು ತಿರುಗಿಸಿಲ್ಲ ಎನ್ನುವುದು ಸುಳ್ಳು. ಅದು ಒಬ್ಬ ಅರಸನನ್ನು ಇಳಿಸಿದೆ, ಇನ್ನೊಬ್ಬನನ್ನು ಕೂರಿಸಿದೆ. ಆದರೆ ಕೂತವನ ಬಲವನ್ನು ಅವನ ಮದ್ದುಗುಂಡಿನ ದಾಸ್ತಾನಿನಿಂದಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ. ಕರೆದಾಗ ಯಾರು ಯಾರು ಬರುತ್ತಾರೆ ಎಂಬುದನ್ನೂ ನೋಡಬೇಕು. ಬೆದರಿಕೆಯನ್ನೇ ನಂಬಿ ಆಳಹೊರಟವರು ಅಂಕೋಲೆಯ ಲಿಲಾವುಗಳಿಂದ ಕಲಿಯಬೇಕಾದ ಪಾಠ ಇದು.