ಕ್ರಿಸ್ತರಾಜರು ಕೇಳುವ ಪ್ರಶ್ನೆ



ಪೂಜಾವರ್ಷದ ಕೊನೆಯ ಭಾನುವಾರ ನಾವು ಕ್ರಿಸ್ತರಾಜರ ಮಹೋತ್ಸವವನ್ನು ಆಚರಿಸುತ್ತೇವೆ. ವಿಶ್ವಗುರು ಹನ್ನೊಂದನೆಯ ಪಯಸ್‌ರವರು 1925ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ಮೊದಲು ಅಕ್ಟೋಬರ್ ತಿಂಗಳಲ್ಲಿ ಬರುತ್ತಿದ್ದ ಹಬ್ಬವನ್ನು ಧರ್ಮಸಭೆ 1969ರಲ್ಲಿ ಪೂಜಾವರ್ಷದ ಕೊನೆಗೆ ಸರಿಸಿತು. ವರ್ಷದ ಕೊನೆಯೆಂದರೆ ಲೆಕ್ಕ ಒಪ್ಪಿಸುವ ಹೊತ್ತು. ಮೂರು ವರ್ಷಗಳಿಗೊಮ್ಮೆ ಈ ಹಬ್ಬದಂದು ಓದುವ ಮತ್ತಾಯನ ಶುಭಸಂದೇಶವೂ (25:31-46) ಕಡೆಯ ತೀರ್ಪಿನದೇ.

ಆ ದಿನ ಅರಸರು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವರೆಂದು ಯೇಸುಸ್ವಾಮಿ ಹೇಳುತ್ತಾರೆ. ನಮ್ಮ ನವಲಗುಂದ, ಕುಂದಗೋಳದ ಎರೆ ಹೊಲಗಳಲ್ಲಿ ಸುಗ್ಗಿಯ ನಂತರ ಕುರಿ, ಆಡು ಕೂಡಿಯೇ ಮೇಯುವುದನ್ನು ನಾವು ಕಂಡಿದ್ದೇವೆ. ಯಾವುದು ಯಾವುದೆಂದು ಕುರಿಗಾಹಿಗೆ ಗೊತ್ತು. ದೇವಾಲಯದಲ್ಲಿ ಒಂದೇ ಸಾಲಿನಲ್ಲಿ ಕೂಡುವ ನಮ್ಮನ್ನೂ ಪ್ರಭು ಹಾಗೆಯೇ ಬಲ್ಲರು.

ಅವರು ಎಣಿಸುವ ಸಂಗತಿಗಳು ಆರು: ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ಎಡಗಡೆ ನಿಂತವರ ಮೇಲೆ ಕೊಲೆ, ಕಳವಿನ ಆಪಾದನೆಯಿಲ್ಲ. ಮಾಡಬೇಕಾದುದನ್ನು ಮಾಡದೆ ಬಿಟ್ಟರು, ಅದೇ ಅವರ ಪಾಪ. ಬಲಿಪೂಜೆಯ ಆರಂಭದಲ್ಲಿ ಈ ಪಾಪವನ್ನೂ ನಾವು ಒಪ್ಪಿಕೊಳ್ಳುತ್ತೇವೆ. ಆದರೆ ಪಾಪನಿವೇದನೆಗೆ ಹೋದಾಗ ಅದನ್ನು ನೆನೆಸುವವರು ಎಷ್ಟು ಜನ?

ಮಳೆ ಹೋದಾಗ ‘ಪಾಪ ಹೆಚ್ಚಾಯಿತು, ದೇವರು ಶಿಕ್ಷಿಸಿದ’ ಎನ್ನುವುದು ನಮ್ಮ ಹಳ್ಳಿಗಳಲ್ಲಿ ರೂಢಿ. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಜನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂದು ಯೇಸುಸ್ವಾಮಿಯೇ ಕೇಳಿ, ಅಲ್ಲವೆಂದರು (ಲೂಕ 13:4-5). ಸತ್ತವರನ್ನು ಅಳೆಯುವುದು ಬಿಟ್ಟು, ಬದುಕಿರುವ ನೀವು ಮನಪರಿವರ್ತನೆ ಹೊಂದಿರಿ ಎಂಬುದು ಅವರ ಬೋಧನೆ.

2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿಗಾಗಿ ಅಗೆಯುವಾಗ ಸಾಲಾಗಿ ಜೋಡಿಸಿದ್ದ ನೂರಾರು ತಲೆಬುರುಡೆಗಳು ಸಿಕ್ಕವು. ಯುದ್ಧದಲ್ಲಿ ಸತ್ತವರದಿರಬಹುದು ಎಂದು ಮೊದಲು ಊಹಿಸಿದರು. 1790ರ ದಶಕದ ಆರಂಭದ ಭೀಕರ ‘ಡೋಗಿ ಬರ’ದಲ್ಲಿ ಸತ್ತವರವು ಎಂಬ ಅಭಿಪ್ರಾಯವೂ ಆಮೇಲೆ ಬಂತು. ಹೂಳುವವರೂ ಸಾಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದರಿಂದ ಆ ಬರಕ್ಕೆ ಆ ಹೆಸರು. ಅವರು ಯಾವ ಪಾಪ ಮಾಡಿದ್ದರು ಎಂದು ಕೇಳುವ ಹಕ್ಕು ನಮಗಿಲ್ಲ. ಹಸಿದು ಸತ್ತವರೊಂದಿಗೆ ‘ನಾನು ಹಸಿದಿದ್ದೆ’ ಎನ್ನುವ ಕ್ರಿಸ್ತರೂ ಇದ್ದರು. ಬರವು ದೇವರ ತೀರ್ಪಲ್ಲ. ಬರದಲ್ಲಿ ನೆರೆಯವನಿಗೆ ನಾವು ಏನು ಮಾಡಿದೆವು ಎಂಬುದರ ಮೇಲೆ ತೀರ್ಪು.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ದುಡಿಯಲು ಊರು ಬಿಟ್ಟವನ ಮನೆಯಲ್ಲಿ ಮುದುಕಿಯೊಬ್ಬಳೇ ಉಳಿದಿರುತ್ತಾಳೆ. ಸಾಲಗಾರನಾದ ರೈತ ಯಾರಿಗೂ ಮುಖ ತೋರಿಸದೆ ಕುಳಿತಿರುತ್ತಾನೆ. ‘ದೇವರು ಒಳ್ಳೆಯದು ಮಾಡಲಿ’ ಎಂದಷ್ಟೇ ಹೇಳಿ ಮುಂದೆ ಹೋದರೆ, ಯಕೋಬನ ಪತ್ರದ ಪ್ರಕಾರ ನಮ್ಮ ವಿಶ್ವಾಸ ಸತ್ತ ವಿಶ್ವಾಸ. ಎರಡು ಸೇರು ಜೋಳ, ದವಾಖಾನೆಗೆ ಜೊತೆ, ಸಂಜೆ ಅರ್ಧ ತಾಸು ಮಾತು: ಇವು ಬಡವರ ಕೈಲೂ ಆಗುವ ಕೆಲಸಗಳು.

ತೀರ್ಪಿನ ದಿನವನ್ನು ನೆನೆದು ಹೆದರಬೇಕಾಗಿಲ್ಲ. ಶಿಲುಬೆಯ ಮೇಲೆ ಕಳ್ಳನನ್ನು ಕ್ಷಮಿಸಿದವರೇ ನಮ್ಮ ನ್ಯಾಯಾಧಿಪತಿ. ಪ್ರಶ್ನೆಯನ್ನೂ ಅವರು ಮುಂಚಿತವಾಗಿಯೇ ತಿಳಿಸಿದ್ದಾರೆ. ಉತ್ತರ ಬರೆಯಲು ಇನ್ನೂ ಸಮಯವಿದೆ. ಈ ಹಬ್ಬದ ಪೂಜೆ ಮುಗಿಸಿ ಮನೆಗೆ ಹೋಗುವ ಮುನ್ನ, ನಮ್ಮ ಓಣಿಯ ಒಂದು ಬಾಗಿಲನ್ನಾದರೂ ತಟ್ಟೋಣ. ಕ್ರಿಸ್ತರಾಜರು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.