ಶಾಲಾಮಂಡಲಿಯ ಚುನಾವಣೆಯೂ ಮಕ್ಕಳ ಓದೂ

ಊರಿನ ಶಾಲೆಯನ್ನು ಊರವರೇ ಆರಿಸಿದ ಮಂಡಲಿಗೆ ಒಪ್ಪಿಸಿದರೆ ಮಕ್ಕಳ ವಿದ್ಯೆ ತಾನಾಗಿ ಏಳ್ಗೆ ಹೊಂದುವುದೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗುಂಟು. ಈ ನಂಬಿಕೆಯನ್ನು ಇಂಗ್ಲೆಂಡ್ ದೇಶವು 32 ವರ್ಷಗಳ ಕಾಲ ಒರೆಹಚ್ಚಿ ನೋಡಿತು.

ಶಾಲೆಗಳು ಸಾಲದಿದ್ದ ಕಡೆಗಳಲ್ಲಿ ಶಾಲಾಮಂಡಲಿಗಳನ್ನು ಏರ್ಪಡಿಸಲು 1870ರ ಶಾಸನವು ಅವಕಾಶವಿತ್ತಿತು. ಮೂರು ವರ್ಷಕ್ಕೊಮ್ಮೆ ಚುನಾವಣೆ. ಮತ ಕೊಡುವ ಕ್ರಮವು ವಿಚಿತ್ರವಾದುದು: ಕ್ಷೇತ್ರಕ್ಕೆ ಎಷ್ಟು ಸ್ಥಾನಗಳೋ ಅಷ್ಟು ಮತಗಳು ಒಬ್ಬೊಬ್ಬ ಮತದಾರನಿಗೆ, ಅವನ್ನು ಹಂಚಿಕೊಡಬಹುದು, ಎಲ್ಲವನ್ನೂ ಒಬ್ಬರಿಗೇ ಸುರಿಯಲೂಬಹುದು. ಸಣ್ಣ ಪಂಗಡಗಳಿಗೂ ಸ್ಥಾನ ದೊರೆಯಲೆಂಬುದು ಇದರ ಉದ್ದೇಶ. ಪಾರ್ಲಿಮೆಂಟಿನ ಬಾಗಿಲು ಸ್ತ್ರೀಯರಿಗೆ ಮುಚ್ಚಿದ್ದ ಆ ಕಾಲದಲ್ಲಿ ಮಂಡಲಿಯ ಬಾಗಿಲು ತೆರೆದಿತ್ತು. ಲಂಡನ್ನಿನ ಮೊದಲ ಚುನಾವಣೆಯಲ್ಲಿ, ಮೇರಿಲೆಬೋನ್ ವಿಭಾಗದಲ್ಲಿ, ವೈದ್ಯೆ ಎಲಿಜಬೆತ್ ಗ್ಯಾರೆಟ್ ಅವರು ವಿಜ್ಞಾನಿ ಹಕ್ಸ್‌ಲಿಯವರನ್ನೂ ಹಿಂದಿಟ್ಟು ಎಲ್ಲರಿಗಿಂತ ಹೆಚ್ಚು ಮತ ಪಡೆದರು.

ಆದರೆ ಚುನಾವಣೆಯಲ್ಲಿ ಜನ ವಾದಿಸಿದುದು ಯಾವುದನ್ನು ಕುರಿತು? ಬೈಬಲ್ಲನ್ನು ಹೇಗೆ ಬೋಧಿಸಬೇಕು, ಶಾಲೆಯ ತೆರಿಗೆ ಎಷ್ಟಿರಬೇಕು; ಬಹುಮಟ್ಟಿಗೆ ಇವೆರಡೇ. ಮಗುವಿಗೆ ಓದಲು ಬಂದಿತೆ ಎಂದು ಕೇಳುವವನು ಮತದಾರನಲ್ಲ, ಸರ್ಕಾರದ ಇನ್‌ಸ್ಪೆಕ್ಟರು. 1862ರಲ್ಲಿ ಗೊತ್ತುಮಾಡಿದ ನಿಯಮದಂತೆ ಮಗು ಓದು, ಬರಹ, ಲೆಕ್ಕಗಳಲ್ಲಿ ಒಂದರಲ್ಲಿ ತಪ್ಪಿದರೆ ಶಾಲೆಯ ಸಹಾಯದ್ರವ್ಯದಲ್ಲಿ 2 ಷಿಲ್ಲಿಂಗ್ 8 ಪೆನ್ಸ್ ಖೋತಾ. ಇದೂ ಹೊಣೆಗಾರಿಕೆಯೇ, ಸಂದೇಹವಿಲ್ಲ! ಫಲವೆಂದರೆ ವಾಚಕಪುಸ್ತಕವೆಲ್ಲ ಬಾಯಿಪಾಠವಾಯಿತು. ಮಗುವು ಪುಸ್ತಕವನ್ನು ತಲೆಕೆಳಗಾಗಿ ಹಿಡಿದೂ ನಿರರ್ಗಳವಾಗಿ ಓದುತ್ತಿತ್ತೆಂದು ಹೇಳುವುದುಂಟು. ಸ್ವತಃ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡರು, ಈ ಏರ್ಪಾಟು ಬೋಧನೆಯನ್ನು ಯಂತ್ರವ್ಯಾಪಾರವಾಗಿಸುವುದೆಂದು ತಮ್ಮ ವರದಿಗಳಲ್ಲಿ ಆಕ್ಷೇಪಿಸಿದರು. 1890ರ ದಶಕದಲ್ಲಿ ಆ ಪದ್ಧತಿ ಅಳಿಯಿತು. 1902ರ ಶಾಸನವು ಮಂಡಲಿಗಳನ್ನೇ ತೆಗೆದುಹಾಕಿತು.

ಕರ್ನಾಟಕದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳುಂಟು. 2009ರ ಕೇಂದ್ರಶಾಸನದಂತೆ ಇಂಥ ಸಮಿತಿಯಲ್ಲಿ ಮುಕ್ಕಾಲುಪಾಲು ಮಂದಿ ತಂದೆತಾಯಿಯರು ಅಥವಾ ಪೋಷಕರು, ಅರ್ಧಕ್ಕರ್ಧ ಸ್ತ್ರೀಯರು ಇರತಕ್ಕದ್ದು. ಇಂಗ್ಲೆಂಡಿನ ತೆರಿಗೆದಾರನಿಗೂ ಈ ತಾಯಿಗೂ ಇರುವ ಅಂತರ ದೊಡ್ಡದು. ಕಲಿಯದೆ ಹೋದರೆ ಕೆಡುವುದು ಅವಳದೇ ಮಗು. (ನಗರದ ವಿದ್ಯಾವಂತರಾದ ನಮ್ಮಲ್ಲಿ ಬಹುಮಂದಿಯ ಮಕ್ಕಳು ಆ ಶಾಲೆಗಳಲ್ಲಿಲ್ಲ, ನಮ್ಮ ಉದಾಸೀನಕ್ಕೆ ಇದೇ ಕಾರಣವಿದ್ದೀತು.) ಆದರೆ ಸಮಿತಿಯು ಕೊಠಡಿ, ಕಾಂಪೌಂಡು, ಬಿಸಿಯೂಟಗಳ ಲೆಕ್ಕದಲ್ಲಿಯೇ ಮುಳುಗಿದರೆ ಓದಿನ ಪ್ರಶ್ನೆಯು ಮತ್ತೆ ಅಧಿಕಾರಿಯ ಪಾಲಿಗೇ ಬಿಡುವುದು. ತಾನೇ ಓದಲರಿಯದ ತಾಯಿ ಹೇಗೆ ಪರೀಕ್ಷಿಸಬೇಕು? ಪುಸ್ತಕವನ್ನು ನಡುವೆ ಎಲ್ಲಿಯಾದರೂ ತೆರೆದು, ಬೆರಳಿಟ್ಟು, “ಇಲ್ಲಿಂದ ಓದು, ಮಗು” ಎನ್ನಬಹುದು. ಬಾಯಿಪಾಠದ ಮಗು ಅಲ್ಲಿ ತಡವರಿಸುವುದು.