ಚಿನ್ನದ ನಾಣ್ಯಕ್ಕೆ ನೀರಿನ ಪರೀಕ್ಷೆ

ನಮ್ಮ ನಾಡಿನ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜಿಯ ಕಾಲದ ಒಂದೆರಡು ಸವರನ್ನುಗಳು ಇರುವುದುಂಟು. ಮದುವೆ ಒದಗಿದಾಗಲೋ ಕಷ್ಟಕಾಲ ಬಂದಾಗಲೋ ಅವು ಹೊರಬರುತ್ತವೆ. ಆಗ ಮೊದಲು ಏಳುವ ಪ್ರಶ್ನೆ: ಇದು ನಿಜವಾದ ಚಿನ್ನವೇ? ನಾಣ್ಯಕ್ಕೆ ಕಿಂಚಿತ್ತೂ ಹಾನಿಯಾಗದಂತೆ ಇದಕ್ಕೆ ಉತ್ತರವನ್ನು ಪಡೆಯುವ ಬಗೆಯನ್ನು ನಾವೀಗ ವಿಚಾರಮಾಡೋಣ.

ಚಿನ್ನವನ್ನು ಪರೀಕ್ಷಿಸುವ ಕಲೆ ಬಹು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಒರೆಗಲ್ಲಿನ ಪ್ರಸ್ತಾಪವಿದೆ. ನುಣುಪಾದ ಕಪ್ಪು ಕಲ್ಲಿನ ಮೇಲೆ ಲೋಹವನ್ನು ಉಜ್ಜಿ, ಮೂಡಿದ ಗೆರೆಯನ್ನು ಶುದ್ಧತೆ ಗೊತ್ತಿರುವ ಚಿನ್ನದ ಗೆರೆಯೊಡನೆ ಹೋಲಿಸುತ್ತಾರೆ. ನೈಟ್ರಿಕ್ ಆಮ್ಲವನ್ನು ಸೋಕಿಸಿದರೆ ಹಿತ್ತಾಳೆಯ ಗೆರೆ ಕರಗಿಹೋಗುತ್ತದೆ. ಚಿನ್ನದ ಗೆರೆ ಉಳಿಯುತ್ತದೆ. ಇದಕ್ಕಿಂತಲೂ ನಿಖರವಾದುದು ಪುಟವಿಡುವ ಕ್ರಮ. ಆದರೆ ಒರೆಗಲ್ಲು ನಾಣ್ಯವನ್ನು ಸವೆಸುತ್ತದೆ. ಪುಟಕ್ಕಾಗಿ ಅದರ ಒಂದು ಚೂರನ್ನಾದರೂ ಕತ್ತರಿಸಬೇಕಾಗುತ್ತದೆ. ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಾಹವೊಂದರ ಬೆಲೆ ಅದರ ಚಿನ್ನದಲ್ಲಿ ಮಾತ್ರವಲ್ಲ, ಅಳಿಯದೆ ಉಳಿದಿರುವ ಅದರ ಮುದ್ರೆಯಲ್ಲಿಯೂ ಇದೆ. ಅದನ್ನು ಉಜ್ಜುವುದಿರಲಿ, ಹೊಳಪಿಗಾಗಿ ತಿಕ್ಕಿ ತೊಳೆಯುವುದೂ ಸಲ್ಲದು.

ಇಲ್ಲಿ ನಮಗೆ ನೆರವಾಗುವುದು ಆರ್ಕಿಮಿಡೀಸನ ತತ್ತ್ವ. ನೀರಿನಲ್ಲಿ ಮುಳುಗಿದ ವಸ್ತು ತನ್ನ ಗಾತ್ರದಷ್ಟು ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ. ಒಂದು ಘನ ಸೆಂಟಿಮೀಟರ್ ನೀರಿನ ತೂಕ ಸುಮಾರು ಒಂದು ಗ್ರಾಂ. ಅಷ್ಟೇ ಗಾತ್ರದ ಅಪರಂಜಿ 19.3 ಗ್ರಾಂ, ಬೆಳ್ಳಿ 10.5 ಗ್ರಾಂ, ಸೀಸ 11.3 ಗ್ರಾಂ ತೂಗುತ್ತವೆ.

ಪ್ರಯೋಗ ಸರಳವಾದುದು. ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ಮೊದಲೇ ತೂಗಿಟ್ಟುಕೊಂಡ ನಾಣ್ಯವನ್ನು ತೆಳುವಾದ ದಾರದಿಂದ ಕಟ್ಟಿ, ಲೋಟದ ತಳಕ್ಕಾಗಲಿ ಬದಿಗಾಗಲಿ ತಗಲದಂತೆ ನೀರಿನಲ್ಲಿ ಇಳಿಬಿಡಬೇಕು. ಗಾಳಿಯ ಗುಳ್ಳೆಗಳು ಅಂಟಿರಬಾರದು. ಆಗ ತಕ್ಕಡಿ ತೋರಿಸುವುದು ಸ್ಥಾನಪಲ್ಲಟಗೊಂಡ ನೀರಿನ ತೂಕವನ್ನು. ನಾಣ್ಯದ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ.

ಸವರನ್ನಿನ ತೂಕ 7.99 ಗ್ರಾಂ; ಅದರಲ್ಲಿ ಹನ್ನೊಂದು ಪಾಲು ಚಿನ್ನ, ಒಂದು ಪಾಲು ತಾಮ್ರ. ನೀರಿನಲ್ಲಿ ತಕ್ಕಡಿ ಸುಮಾರು 0.45 ಗ್ರಾಂ ತೋರಿಸಬೇಕು, ಸಾಂದ್ರತೆ 17.6ರ ಆಸುಪಾಸು. ಅಷ್ಟೇ ತೂಕದ ಹಿತ್ತಾಳೆಯ ಬಿಲ್ಲೆಯಾದರೆ 0.94 ಗ್ರಾಂ ಬರುತ್ತದೆ. ಅಂದರೆ ಮೋಸಗಾರನು ತೂಕವನ್ನು ಸರಿದೂಗಿಸಿದರೆ ನಾಣ್ಯ ದಪ್ಪವಾಗುತ್ತದೆ. ಗಾತ್ರವನ್ನು ಸರಿಪಡಿಸಿದರೆ ತೂಕ ಕುಗ್ಗುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸುವುದು ಹಿತ್ತಾಳೆಯಿಂದ ಅಸಾಧ್ಯ.

ಹಾಗಾದರೆ ನೀರಿನ ಸಾಕ್ಷ್ಯ ಅಂತಿಮವೇ? ಅಲ್ಲ. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ ಅಪರಂಜಿಯದಕ್ಕೆ ಬಹುಮಟ್ಟಿಗೆ ಸಮ. ಅದನ್ನು ಒಡಲಲ್ಲಿ ಅಡಗಿಸಿಕೊಂಡ ಚಿನ್ನದ ಗಟ್ಟಿಯನ್ನು ನೀರು ಗುರುತಿಸಲಾರದು. ಎಕ್ಸ್-ಕಿರಣದ ಉಪಕರಣವೂ ಮೇಲ್ಪದರವನ್ನಷ್ಟೇ ನೋಡಬಲ್ಲುದು. ಆದರೆ ಶಬ್ದವು ಚಿನ್ನಕ್ಕಿಂತ ಟಂಗ್‌ಸ್ಟನ್ನಿನಲ್ಲಿ ಹೆಚ್ಚು ವೇಗವಾಗಿ ಚಲಿಸುವುದರಿಂದ, ಶ್ರವಣಾತೀತ ತರಂಗಗಳು ಆ ಗುಟ್ಟನ್ನು ರಟ್ಟುಮಾಡುತ್ತವೆ. ಇನ್ನೊಂದು ಮಿತಿಯೂ ಉಂಟು: ನಿಜವಾದ ಚಿನ್ನದಿಂದಲೇ ಖೋಟಾ ನಾಣ್ಯವನ್ನು ಅಚ್ಚೊತ್ತಬಹುದು. ನೀರು ಲೋಹವನ್ನು ಹೇಳೀತೇ ಹೊರತು ಟಂಕಸಾಲೆಯನ್ನಲ್ಲ. ಅದಕ್ಕೆ ಮುದ್ರೆಯನ್ನು ಬಲ್ಲವರ ಕಣ್ಣು ಬೇಕು.

ಹೊಸ ಒಡವೆಗಳಿಗೆ ಹಾಲ್‌ಮಾರ್ಕ್ ಮುದ್ರೆ 2021ರಿಂದ ಹಂತಹಂತವಾಗಿ ಕಡ್ಡಾಯವಾಗಿದೆ; ಅದರಲ್ಲಿನ 916 ಎಂಬ ಅಂಕಿ ಸಾವಿರಕ್ಕೆ 916 ಪಾಲು ಚಿನ್ನವೆಂಬುದರ ಸಂಕೇತ. ಅಜ್ಜಿಯ ನಾಣ್ಯಕ್ಕೆ ಅಂತಹ ಮುದ್ರೆಯಿಲ್ಲ. ಆದುದರಿಂದ ಅದನ್ನು ಮಾರಲು ಹೊರಡುವ ಮುನ್ನ, ಮನೆಯ ವಿದ್ಯಾರ್ಥಿಯೇ ಒಂದು ಲೋಟ ನೀರು ತಂದು ಅದರ ಸಾಕ್ಷ್ಯವನ್ನು ಕೇಳುವುದು ಒಳಿತು.